ಶಾಯಿ ಒಣಗುವವರೆಗೆ

ನಾನಿರುವುದು ದಾವಣಗೆರೆಯಲ್ಲಿ. ಹೆಸರು ಮಾತ್ರ ಇನ್ನೂ ತವರೂರು ಹರಿಹರದ ಮತದಾರರ ಪಟ್ಟಿಯಲ್ಲಿ. 2024ರ ಮೇ 7ರಂದು ಏಳು ತಿಂಗಳ ಮಗಳನ್ನು ಎತ್ತಿಕೊಂಡು ಬೆಳಗಿನ ಬಸ್ಸು ಹತ್ತಿದೆ. ಲೋಕಸಭೆ ಚುನಾವಣೆಯ ಮತದಾನ ಏಳಕ್ಕೇ ಶುರು, ಬಿಸಿಲೇರುವ ಮೊದಲು ಮುಗಿಸಿಬಿಡೋಣ ಅಂತ ನನ್ನ ಲೆಕ್ಕ. ಕೂಸು ದಾರಿಯಲ್ಲೇ ಬಟ್ಟೆ ಕೆಡಿಸಿಕೊಂಡಿತು. ಮತಗಟ್ಟೆ ಮುಟ್ಟಿದಾಗ ಒಂಬತ್ತೂವರೆ.

ಮೊಬೈಲು ಒಳಗೆ ಬಿಡುವುದಿಲ್ಲವೆಂದು ಅಮ್ಮನ ಹತ್ತಿರ ಬಿಟ್ಟು ಬಂದಿದ್ದೆ. ಅಳುವ ಕೂಸಿಗೆ ತೋರಿಸಲು ಏನೂ ಇಲ್ಲ. ಮುಂದೆ ನಿಂತಿದ್ದ ಅಜ್ಜಿ ಬಳೆ ಅಲ್ಲಾಡಿಸಿದರು. “ಎಷ್ಟು ತಿಂಗಳವ್ವಾ?” ಅಲ್ಲಿಂದ ಹಿಡಿದುಕೊಂಡಿತು ಮಾತು. ಹಲ್ಲು ಬಂತಾ, ರಾಗಿ ಸರಿ ತಿನ್ನಿಸ್ತೀಯಾ, ಈ ಬಿಸಿಲಲ್ಲಿ ತಲೆಗೆ ಟೋಪಿ ಯಾಕಿಲ್ಲ. ಪಕ್ಕದ ಗಂಡಸರ ಸಾಲಿನಲ್ಲಿದ್ದ ಹಿರಿಯರೊಬ್ಬರು, ಮೈಸೂರು ಕಿರ್ಲೋಸ್ಕರ್‌ನಲ್ಲಿ ಕೆಲಸಕ್ಕಿದ್ದವರಂತೆ, ಕಂಪನಿ ಮುಚ್ಚಿದ ಕಥೆಯನ್ನು ಕೂಸಿಗೇ ಹೇಳತೊಡಗಿದರು. ಎರಡೂ ದೊಡ್ಡ ಪಕ್ಷಗಳಿಂದ ಈ ಸಲ ಹೆಣ್ಣುಮಕ್ಕಳೇ ನಿಂತಿದ್ದರು, ಪ್ರಭಾ ಮಲ್ಲಿಕಾರ್ಜುನ್ ಮತ್ತು ಗಾಯತ್ರಿ ಸಿದ್ದೇಶ್ವರ. ಬಸ್ಸಿನ ತುಂಬ ಅದೇ ಮಾತಿತ್ತು. ಸಾಲಿನಲ್ಲಿ ಒಬ್ಬರೂ ಆ ಹೆಸರೆತ್ತಲಿಲ್ಲ.

ಕೂಸು ಎತ್ತಿಕೊಂಡವರನ್ನು ಮೊದಲು ಬಿಡಬೇಕೆಂಬುದು ನನಗೆ ಗೊತ್ತಿತ್ತು. ಆದರೆ ಮುಂದಿದ್ದವರೆಲ್ಲ ವಯಸ್ಸಾದವರು, ಕೇಳಲು ಸಂಕೋಚ. ಆ ಸಂಕೋಚಕ್ಕೆ ದಂಡ ತೆತ್ತದ್ದು ಕೂಸು, ಅರ್ಧ ಗಂಟೆಯಲ್ಲಿ ಮುಖ ಕೆಂಪಗಾಯಿತು. ಕೊನೆಗೆ ಅಜ್ಜಿಯೇ, “ನಮಗೇನವ್ವಾ, ಮನಿಗೆ ಹೋದ್ರೂ ಇದೇ ಸೆಕೆ. ನೀ ಹೋಗು” ಎಂದು ಹೆಗಲು ಹಿಡಿದು ಮುಂದೆ ನೂಕಿದರು.

ನಿಜವಾದ ಪೇಚಾಟ ಒಳಗೆ. ಶಾಯಿ ಹಚ್ಚುವುದು ಎಡಗೈ ತೋರುಬೆರಳಿಗೆ, ನಾನು ಕೂಸನ್ನು ಎತ್ತಿಕೊಳ್ಳುವುದೂ ಎಡಕ್ಕೇ. ಹಲ್ಲು ಮೂಡುವ ಕೂಸಿಗೆ ಅಮ್ಮನ ಬೆರಳು ಸಿಕ್ಕರೆ ಕೇಳಬೇಕೇ! ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುವ ಆ ಶಾಯಿಯಲ್ಲಿರುವುದು ಸಿಲ್ವರ್ ನೈಟ್ರೇಟ್, ಬಾಯಿಗೆ ಹೋಗುವ ವಸ್ತುವಲ್ಲ. ಶಾಯಿ ಹಚ್ಚಿದಾಕೆ “ಇಲ್ಲಿ ಕೊಡ್ರಿ” ಎಂದು ಕೈಚಾಚಿದರು. ಇವಳು ನನ್ನ ಕುತ್ತಿಗೆ ಬಿಡಲಿಲ್ಲ. ಬಲತೋಳಿಗೆ ಬದಲಿಸಿ, ಎಡಗೈಯನ್ನು ಬಸ್ಸು ನಿಲ್ಲಿಸುವವಳಂತೆ ಮೇಲೆತ್ತಿಕೊಂಡೇ ನಡೆದೆ. ತೋಳಲ್ಲಿರುವ ಕೂಸನ್ನು ಮತಗಟ್ಟೆಯೊಳಗೆ ಕರೆದೊಯ್ಯಲು 1961ರ ಚುನಾವಣಾ ನಿಯಮಗಳಲ್ಲೇ ಅವಕಾಶವಿದೆ. ಗುಂಡಿ ಒತ್ತಿ, ವಿವಿಪ್ಯಾಟ್ ಚೀಟಿ ಕಾಣುವ ಏಳು ಸೆಕೆಂಡು ಅವಳ ಪುಟ್ಟ ಕೈಗಳನ್ನು ಯಂತ್ರದಿಂದ ದೂರ ಹಿಡಿದು ನಿಂತೆ. ಬೀಪ್ ಕೇಳಿದ್ದೇ ತಡ, ಬೆಚ್ಚಿಬಿದ್ದು ಚೀರಿದಳು. ಮುಂದಿನ ಚುನಾವಣೆಗೆ ಇನ್ನೊಂದು ಕೂಸಿದ್ದರೆ ಬಾಗಿಲಲ್ಲೇ ತೋಳು ಬದಲಿಸುತ್ತೇನೆ, ಟೋಪಿಯನ್ನೂ ತರುತ್ತೇನೆ.

ಹೊರಬಂದಾಗ ಅಜ್ಜಿ ಇನ್ನೂ ಬಾಗಿಲ ಬಳಿ ನಿಂತಿದ್ದರು. ಕೂಸಿನ ಬೆರಳು ಹಿಡಿದು ತಿರುಗಿಸಿ ನೋಡಿ, “ಇವಳಿಗೆ ಹಚ್ಚಲಿಲ್ಲೇನು?” ಎಂದರು.

“ಇನ್ನೂ ಹದಿನೇಳು ವರ್ಷ ಚಿಲ್ಲರೆ ಬಾಕಿ ಐತಜ್ಜಿ.”

ಮಗಳು ಅಷ್ಟರಲ್ಲಿ ಅವರ ಬಳೆ ಹಿಡಿದಾಗಿತ್ತು.