ಪ್ರಾಗ್‌ನಲ್ಲಿ ದುಡ್ಡು ಸೋರುವ ಜಾಗಗಳು

ಮಕ್ಕಳು ಯುರೋಪಿನಲ್ಲಿ ನೆಲೆಸಿದ್ದರೆ ಅಪ್ಪ-ಅಮ್ಮನಿಗೆ ಒಂದು ದೊಡ್ಡ ಅನುಕೂಲವಿದೆ. ವಿಮಾನದ ಖರ್ಚು ಮೊಮ್ಮಗುವಿನ ಲೆಕ್ಕಕ್ಕೆ ಹೋಗಿರುತ್ತದೆ, ಪಕ್ಕದ ದೇಶ ನೋಡಲು ಬೇಕಾಗುವುದು ರೈಲಿನ ದುಡ್ಡು ಮಾತ್ರ. ಜರ್ಮನಿ ಕೊಟ್ಟ ಷೆಂಗೆನ್ ವೀಸಾ ಜೆಕ್ ದೇಶದಲ್ಲೂ ನಡೆಯುತ್ತದೆ. ಆ ವೀಸಾದ ಶುಲ್ಕ 2024ರ ಜೂನ್‌ನಲ್ಲಿ 80 ಯೂರೋದಿಂದ 90ಕ್ಕೆ ಏರಿತು. ತಲೆಗೆ ಅಷ್ಟು ಕಟ್ಟಿ, ಮ್ಯೂನಿಕ್‌ನ ಮಗಳ ಮನೆಯಲ್ಲೇ ಕೂತು ವಾಪಸ್ಸು ಬರುವುದು ನನಗೆ ಸರಿಕಾಣಲಿಲ್ಲ. "ಊರು ನೋಡೋದಕ್ಕೂ ಬಡ್ಡಿ ಲೆಕ್ಕ ಹಾಕ್ತೀಯಲ್ಲೇ" ಅಂದರು ನಮ್ಮ ಮನೆಯವರು. ಹಾಕುತ್ತೇನೆ. ಹಾಕಿದ್ದಕ್ಕೇ ಆ ವರ್ಷದ ಅಕ್ಟೋಬರ್‌ನಲ್ಲಿ ನಾವಿಬ್ಬರೂ ಒಂದು ವಾರಾಂತ್ಯಕ್ಕೆ ಪ್ರಾಗ್ ನೋಡಿ ಬಂದದ್ದು.

ಮ್ಯೂನಿಕ್‌ನಿಂದ ಪ್ರಾಗ್‌ಗೆ ನೇರ ರೈಲಿದೆ, ಆರು ಗಂಟೆಯ ಆಸುಪಾಸಿನ ಪ್ರಯಾಣ. ಅದೇ ರೈಲಿನ ಟಿಕೆಟ್ಟನ್ನು ಜರ್ಮನ್ ರೈಲ್ವೆಯ ತಾಣದಲ್ಲೂ ಜೆಕ್ ರೈಲ್ವೆಯ ತಾಣದಲ್ಲೂ ನೋಡಿ, ಹಲವು ಸಲ ಜೆಕ್ ತಾಣದಲ್ಲಿ ದರ ಕಡಿಮೆ ಇರುತ್ತದೆ. ಮುಂಚೆಯೇ ಕಾದಿರಿಸಿದರೆ ಇನ್ನೂ ಇಳಿಯುತ್ತದೆ. ಇದು ನಮ್ಮವರಿಗೆ ಹೇಳಿಕೊಡಬೇಕಾದ ವಿಷಯವೇನಲ್ಲ. ಟಿಕೆಟ್ಟು, ಹೋಟೆಲು ಎರಡರಲ್ಲೂ ನಾವು ಚೌಕಾಸಿ ಮಾಡಿಯೇ ಮಾಡುತ್ತೇವೆ. ಹೋಟೆಲ್ ವಿಚಾರದಲ್ಲಿ ಮಾತ್ರ ಒಂದು ಮಾತು: ಹಳೇ ಪಟ್ಟಣದ ಚೌಕದ ಪಕ್ಕದಲ್ಲೇ ರೂಮು ಬೇಕೆಂಬ ಹಟ ಬೇಡ. ವಿನೊಹ್ರಾದಿ, ಕಾರ್ಲಿನ್‌ನಂಥ ಬಡಾವಣೆಗಳಿಂದ ಮೆಟ್ರೋ ಹಿಡಿದರೆ ನಡುಪಟ್ಟಣ ಕೆಲವೇ ನಿಮಿಷದ ದಾರಿ. ಮೆಟ್ರೋ, ಟ್ರ್ಯಾಮ್, ಬಸ್ಸು ಎಲ್ಲಕ್ಕೂ ಒಂದೇ ಟಿಕೆಟ್. 2024ರಲ್ಲಿ 24 ಗಂಟೆಗೆ 120 ಜೆಕ್ ಕೊರುನಾ, ಅಂದಾಜು 430 ರೂಪಾಯಿ. ಕಾಗದದ ಟಿಕೆಟ್ ಕೊಂಡರೆ ಮೊದಲ ಪ್ರಯಾಣದಲ್ಲಿ ಹಳದಿ ಯಂತ್ರಕ್ಕೆ ಕೊಟ್ಟು ಮೊಹರು ಹಾಕಿಸಬೇಕು. ಮೊಹರಿಲ್ಲದ ಟಿಕೆಟ್ ಕೈಯಲ್ಲಿದ್ದರೂ ತಪಾಸಣೆಯವರು ದಂಡ ಹಾಕುತ್ತಾರೆ.

ಪ್ರಾಗ್‌ನಲ್ಲಿ ದುಡ್ಡು ಕಳೆಯುವುದು ಈ ದೊಡ್ಡ ಖರ್ಚುಗಳಲ್ಲಲ್ಲ, ದುಡ್ಡು ಬದಲಾಗುವ ಜಾಗದಲ್ಲಿ. ಜೆಕ್ ದೇಶ 2004ರಲ್ಲಿ ಯುರೋಪಿಯನ್ ಒಕ್ಕೂಟ ಸೇರಿದರೂ ಯೂರೋಗೆ ಹೋಗಲಿಲ್ಲ, ತನ್ನ ಕೊರುನಾವನ್ನೇ ಉಳಿಸಿಕೊಂಡಿದೆ. ಅದರ 500ರ ನೋಟಿನ ಮೇಲೆ ಬೊಝೆನಾ ನ್ಯೆಮ್ತ್ಸೋವಾ ಎಂಬ ಲೇಖಕಿಯ ಮುಖವಿದೆ, 2000ದ ನೋಟಿನ ಮೇಲೆ ಎಮಾ ದೆಸ್ತಿನೊವಾ ಎಂಬ ಒಪೆರಾ ಗಾಯಕಿಯದು. ನೋಟಿನ ಮೇಲೆ ಬರೆಯುವ ಹೆಂಗಸನ್ನು, ಹಾಡುವ ಹೆಂಗಸನ್ನು ಕಂಡು ನನಗಂತೂ ಖುಷಿಯಾಯಿತು. ಆದರೆ ನಮ್ಮಂಥವರ ಪಾಲಿಗೆ ಆ ನೋಟು ತಲುಪುವಷ್ಟರಲ್ಲಿ ರೂಪಾಯಿ ಯೂರೋ ಆಗಿ, ಯೂರೋ ಕೊರುನಾ ಆಗಿರುತ್ತದೆ. ಪ್ರತಿ ಬದಲಾವಣೆಯಲ್ಲೂ ಯಾರೋ ಒಬ್ಬರು ಒಂದು ಪಾಲು ಇಟ್ಟುಕೊಂಡಿರುತ್ತಾರೆ.

ಮೊದಲನೆಯದು ಬೀದಿಬದಿಯ ವಿನಿಮಯದ ಅಂಗಡಿ. ಹೊರಗೆ "0% ಕಮಿಷನ್" ಎಂದು ದೊಡ್ಡದಾಗಿ ಬರೆದಿರುತ್ತಾರೆ. ಅದು ಸುಳ್ಳಲ್ಲ, ಕಮಿಷನ್ ತೆಗೆದುಕೊಳ್ಳುವುದಿಲ್ಲ; ಲಾಭವೆಲ್ಲ ದರದೊಳಗೇ ಕೂತಿರುತ್ತದೆ. ನಾವು ಹೋದಾಗ ಒಂದು ಯೂರೋಗೆ ಸುಮಾರು 25 ಕೊರುನಾ ಇತ್ತು. ಯಾರಾದರೂ 20ರ ದರ ಕೊಟ್ಟರೆ ನೂರು ಯೂರೋಗೆ 500 ಕೊರುನಾ ಹೋಯಿತು, ಅಂದರೆ ನಮ್ಮ 1,800 ರೂಪಾಯಿ. ಹಾಗಾಗಿ ಫಲಕ ಓದುವುದನ್ನು ಬಿಟ್ಟು "ನೂರು ಯೂರೋ ಕೊಟ್ಟರೆ ಕೈಗೆ ಎಷ್ಟು ಕೊರುನಾ ಕೊಡುತ್ತೀರಿ?" ಎಂದು ನೇರವಾಗಿ ಕೇಳಿ. ಈ ವ್ಯಾಪಾರದ ಬಗ್ಗೆ ದೂರುಗಳು ಎಷ್ಟಿದ್ದವೆಂದರೆ ಸರ್ಕಾರವೇ ಕಾನೂನು ತಿದ್ದಿತು. 2019ರ ಏಪ್ರಿಲ್‌ನಿಂದ, 1,000 ಯೂರೋ ಮೌಲ್ಯದವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ರಸೀದಿಯೊಂದಿಗೆ ಹಿಂದಿರುಗಿ ರದ್ದುಮಾಡಿಸಿಕೊಳ್ಳಬಹುದು. ರಸೀದಿ ಎಸೆಯಬೇಡಿ. ಬೀದಿಯಲ್ಲಿ ಬಂದು "ಒಳ್ಳೇ ದರ ಕೊಡ್ತೀನಿ" ಅನ್ನುವವನ ಹತ್ತಿರ ನಿಲ್ಲಲೇಬೇಡಿ. ಅವನು ಕೊಡುವ ನೋಟು ಬೇರೆ ಯಾವುದೋ ದೇಶದ್ದಾಗಿರಬಹುದು.

ಎರಡನೆಯದು ಇನ್ನೂ ನಯವಾದ ವಿದ್ಯೆ. ಕಾರ್ಡ್ ಯಂತ್ರವೋ ಎಟಿಎಮ್ಮೋ ನಿಮ್ಮ ಕಾರ್ಡು ಭಾರತದ್ದೆಂದು ಗುರುತಿಸಿ, "ರೂಪಾಯಿಯಲ್ಲೇ ಕೊಡುವಿರಾ?" ಎಂದು ವಿಚಾರಿಸುತ್ತದೆ. ಪರದೇಶದಲ್ಲಿ ರೂಪಾಯಿ ಚಿಹ್ನೆ ಕಂಡರೆ ಯಾರಿಗೆ ಹಿತವಾಗುವುದಿಲ್ಲ! ಒಂದು ಊಟದ ಮನೆಯಲ್ಲಿ ಸಾವಿರ ಕೊರುನಾದ ಬಿಲ್ಲಿಗೆ ಯಂತ್ರ 3,900ಕ್ಕೂ ಹೆಚ್ಚು ರೂಪಾಯಿ ತೋರಿಸಿತು. ಅವತ್ತಿನ ದರದಲ್ಲಿ ಅದು ಹೆಚ್ಚುಕಮ್ಮಿ 3,600 ಆಗಬೇಕಿತ್ತು. ಇವರು "ರೂಪಾಯಿಲೇ ಒತ್ತು, ಲೆಕ್ಕ ಸ್ಪಷ್ಟವಾಗಿರುತ್ತೆ" ಅಂದರು. "ಸ್ಪಷ್ಟವಾಗಿ ಮುನ್ನೂರು ರೂಪಾಯಿ ಹೋಗುತ್ತೆ ರೀ" ಅಂದೆ. ಯಾವಾಗಲೂ ಆ ದೇಶದ ಹಣವನ್ನೇ ಆರಿಸಿ. ಎಟಿಎಮ್ಮಿನಲ್ಲಿ ಇದು ಇನ್ನಷ್ಟು ಗೊಂದಲ ಹುಟ್ಟಿಸುತ್ತದೆ, ಏಕೆಂದರೆ ಅಲ್ಲಿರುವ ಗುಂಡಿ "ಪರಿವರ್ತನೆ ತಿರಸ್ಕರಿಸು" ಎಂದು. ಅದನ್ನು ಒತ್ತಿದರೆ ದುಡ್ಡೇ ಬರುವುದಿಲ್ಲವೇನೋ ಎಂದು ಜನ ಹೆದರುತ್ತಾರೆ. ಬರುತ್ತದೆ. ಬ್ಯಾಂಕಿನ ಗೋಡೆಗಿರುವ ಎಟಿಎಮ್ ಹುಡುಕಿ. ಪ್ರವಾಸಿಗರ ಬೀದಿಗಳಲ್ಲಿ ಒಂಟಿಯಾಗಿ ನಿಂತಿರುವ ಬಣ್ಣಬಣ್ಣದ ಪೆಟ್ಟಿಗೆಗಳನ್ನು ನೋಡಿ ಮುಂದೆ ನಡೆಯಿರಿ.

ಮೂರನೆಯದು ನಮ್ಮ ಊರಿನ ಬ್ಯಾಂಕಿನಲ್ಲೇ ಇದೆ. ಸಾಮಾನ್ಯ ಕ್ರೆಡಿಟ್ ಕಾರ್ಡುಗಳು ವಿದೇಶದ ಖರ್ಚಿನ ಮೇಲೆ ಶೇ 3.5ರವರೆಗೆ ಮಾರ್ಕಪ್ ಎಂಬ ಹೆಚ್ಚುವರಿ ಶುಲ್ಕ ಹಾಕುತ್ತವೆ, ಅದರ ಮೇಲೆ ಶೇ 18 ಜಿಎಸ್‌ಟಿ. ಕೂಡಿದರೆ ಶೇ 4.13. ನಲವತ್ತು ಸಾವಿರ ಖರ್ಚಿಗೆ 1,652 ರೂಪಾಯಿ! ಮಾರ್ಕಪ್ ಇಲ್ಲದ ಕಾರ್ಡುಗಳೂ ಸಿಗುತ್ತವೆ. "ನಾನು ಫಾರೆಕ್ಸ್ ಕಾರ್ಡಿಗೆ ಯೂರೋ ತುಂಬಿಸಿದ್ದೇನೆ, ನನಗೇನೂ ಚಿಂತೆಯಿಲ್ಲ" ಅನ್ನುವವರು ಪ್ರಾಗ್ ವಿಷಯದಲ್ಲಿ ನಿಂತು ಯೋಚಿಸಬೇಕು. ಯೂರೋ ತುಂಬಿದ ಕಾರ್ಡಿನಿಂದ ಕೊರುನಾದಲ್ಲಿ ಕೊಟ್ಟರೆ ಅನೇಕ ಬ್ಯಾಂಕುಗಳು ಕರೆನ್ಸಿ ಬದಲಾವಣೆಯ ಶುಲ್ಕ ಹಿಡಿಯುತ್ತವೆ. ಮ್ಯೂನಿಕ್‌ನಲ್ಲಿ ಉಳಿಸಿದ್ದು ಇಲ್ಲಿ ಹೋಗುತ್ತದೆ. ನಾವು ಮಾರ್ಕಪ್ ಇಲ್ಲದ ಒಂದು ಕಾರ್ಡನ್ನು ಬಳಸಿ, ನಗದಿಗಾಗಿ ಒಂದಿಷ್ಟು ಕೊರುನಾ ಮಾತ್ರ ತೆಗೆದೆವು. ಹೊರಡುವ ಮೊದಲು ಆ್ಯಪಿನಲ್ಲಿ ಕಾರ್ಡಿನ ಅಂತರರಾಷ್ಟ್ರೀಯ ಬಳಕೆಯನ್ನು ತೆರೆದುಕೊಳ್ಳಬೇಕು. ರಿಸರ್ವ್ ಬ್ಯಾಂಕಿನ 2020ರ ನಿಯಮದ ಪ್ರಕಾರ ಹೊಸ ಕಾರ್ಡುಗಳಲ್ಲಿ ಅದು ಮುಚ್ಚಿಯೇ ಇರುತ್ತದೆ.

ದುಡ್ಡನ್ನು ಇಷ್ಟೆಲ್ಲ ಜೋಪಾನ ಮಾಡಿದ ಮೇಲೆ ಊರಿನೊಳಗೆ ಖರ್ಚು ಮಾಡಲು ಪ್ರಾಗ್ ಹೆಚ್ಚು ಅವಕಾಶವನ್ನೇ ಕೊಡುವುದಿಲ್ಲ. ನಾಲ್ಕನೇ ಚಾರ್ಲ್ಸ್ 1357ರಲ್ಲಿ ಶುರುಮಾಡಿಸಿದ ಕಲ್ಲಿನ ಸೇತುವೆ, ಅದರ ಮೇಲಿನ ಮೂವತ್ತು ಮೂರ್ತಿಗಳು, ಟಿಕೆಟ್ಟಿಲ್ಲ. ಬೆಳಗ್ಗೆ ಆರೂವರೆಗೆ ಹೋದರೆ ಜನವೂ ಇಲ್ಲ. 1410ರ ಖಗೋಳ ಗಡಿಯಾರದಲ್ಲಿ ಗಂಟೆಗೊಮ್ಮೆ ಸಂತರ ಬೊಂಬೆಗಳು ಮೆರವಣಿಗೆ ಹೋಗುವುದನ್ನು ಕೆಳಗೆ ನಿಂತು ನೋಡಲು ದುಡ್ಡಿಲ್ಲ. ಅದಕ್ಕಾಗಿ ಸೇರುವ ಜನರನ್ನು ನೋಡಿದರೆ ಬೊಂಬೆಗಳಿಗಿಂತ ಇವರೇ ಸ್ವಾರಸ್ಯ ಅನ್ನಿಸುತ್ತದೆ. ಸೆನೆಟ್ ಕಚೇರಿಗೆ ಸೇರಿದ ವಾಲೆನ್‌ಸ್ಟೈನ್ ತೋಟದಲ್ಲಿ ನವಿಲುಗಳು ಓಡಾಡುತ್ತವೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಅದೂ ಉಚಿತ. ವೈಶೆಹ್ರಾದ್ ಕೋಟೆಯ ಮೇಲೆ ನದಿ ನೋಡುತ್ತಾ ಕೂರಬಹುದು, ಅಲ್ಲೇ ಇರುವ ಸ್ಮಶಾನದಲ್ಲಿ ಸಂಗೀತಗಾರರಾದ ಸ್ಮೆಟಾನಾ, ದ್ವೊರ್ಝಾಕ್ ಇಬ್ಬರ ಸಮಾಧಿಯೂ ಇದೆ. ನಾನು ಧಾರಾಳವಾಗಿ ಕೊಟ್ಟದ್ದು ಪ್ರಾಗ್ ಕೋಟೆಯೊಳಗಿನ ಟಿಕೆಟ್ಟಿಗೆ, ತಲೆಗೆ 450 ಕೊರುನಾ. ಅಂಗಳಗಳಲ್ಲಿ ಸುಮ್ಮನೆ ಅಡ್ಡಾಡಲು ಅದೂ ಬೇಕಿಲ್ಲ. ಆದರೆ 1344ರಲ್ಲಿ ಅಡಿಗಲ್ಲು ಹಾಕಿ 1929ರಲ್ಲಿ ಮುಗಿಸಿದ ಸಂತ ವೀಟ್ ಚರ್ಚಿನ ಬಣ್ಣದ ಗಾಜುಗಳ ಕೆಳಗೆ ನಿಲ್ಲದೆ ಬರುವುದು ಉಳಿತಾಯವಲ್ಲ, ಜಿಪುಣತನ.

ಊಟದ ಮಾತು. ಸಸ್ಯಾಹಾರಿಗಳಿಗೆ ಅಲ್ಲಿಯ ಸಾಂಪ್ರದಾಯಿಕ ಅಡುಗೆಯಲ್ಲಿ ಇರುವ ಆಸರೆ ಕರಿದ ಗಿಣ್ಣು, ಜೊತೆಗೆ ಆಲೂಗಡ್ಡೆ. ಮೊದಲ ಸಲ ರುಚಿ, ಎರಡನೆಯ ಸಲ ಭಾರ. ಶುಕ್ರವಾರ ಸೇರಿಸಿಕೊಂಡು ಹೋದರೆ ಒಳ್ಳೆಯದು, ಏಕೆಂದರೆ ಕೆಲಸದ ದಿನಗಳ ಮಧ್ಯಾಹ್ನ ಅನೇಕ ಊಟದ ಮನೆಗಳು ಕಚೇರಿಯವರಿಗಾಗಿ ಕಡಿಮೆ ದರದ ದಿನದೂಟ ಇಟ್ಟಿರುತ್ತವೆ. ಅದೇ ತಟ್ಟೆಗೆ ರಾತ್ರಿ ಬೆಲೆ ಹೆಚ್ಚು. ಕೇಳದೆಯೇ ಮೇಜಿನ ಮೇಲೆ ತಂದಿಡುವ ಬ್ರೆಡ್ಡಿಗೆ ಕೆಲವೆಡೆ ಬಿಲ್ಲು ಬರುತ್ತದೆ. ನೀರಿನ ಬಾಟಲಿಗೆ ಬಿಯರಿನಷ್ಟು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಬೆಲೆ ನೋಡಿ ಇವರಿಗೆ ಆದ ಸಂಕಟವನ್ನು ಇಲ್ಲಿ ಬರೆಯುವುದಿಲ್ಲ. ಚೌಕದ ಗಾಡಿಗಳಲ್ಲಿ ಮಾಂಸ ಕೊಳ್ಳುವವರು, ಬರೆದಿರುವ ಬೆಲೆ ಒಂದು ತಟ್ಟೆಗೋ ನೂರು ಗ್ರಾಂಗೋ ಎಂದು ಮೊದಲೇ ಕೇಳಬೇಕು. ಕೊಳವೆಯಾಕಾರದಲ್ಲಿ ಸುಟ್ಟು ಸಕ್ಕರೆ ಸವರಿದ ತ್ರ್ದೆಲ್ನಿಕ್ ಎಂಬ ತಿಂಡಿಯನ್ನು ಪ್ರಾಗ್‌ನ ಪುರಾತನ ವಿಶೇಷವೆಂದು ಮಾರುತ್ತಾರೆ. ಅದು ಪ್ರವಾಸಿಗರಿಗಾಗಿ ಬಂದದ್ದು. ತಿನ್ನಬೇಡಿ ಎಂದೇನೂ ಅಲ್ಲ, ಪರಂಪರೆಯ ಹೆಸರಿನಲ್ಲಿ ದುಬಾರಿ ಬೆಲೆ ಕೊಡಬೇಡಿ ಅಷ್ಟೆ.

ಮ್ಯೂನಿಕ್‌ಗೋ ವಿಯೆನ್ನಾಗೋ ಮಕ್ಕಳ ಮನೆಗೆ ಹೊರಟಿರುವ ದಂಪತಿಗಳು ಎರಡು ರಾತ್ರಿಯನ್ನು ಪ್ರಾಗ್‌ಗೆ ಎತ್ತಿಡಿ. ಪ್ರವಾಸ ವಿಮೆ ಜರ್ಮನಿಗೋ ಆಸ್ಟ್ರಿಯಾಗೋ ಮಾತ್ರವಲ್ಲ, ಇಡೀ ಷೆಂಗೆನ್‌ಗೆ ಅನ್ವಯಿಸುತ್ತದೆಯೇ ನೋಡಿ. ಸೂಟ್‌ಕೇಸ್ ಕಟ್ಟುವ ಮುನ್ನ ನಿಮ್ಮ ಬ್ಯಾಂಕಿಗೆ ಫೋನು ಮಾಡಿ ಈ ಎರಡು ಪ್ರಶ್ನೆ ಕೇಳಿಕೊಳ್ಳಿ: ನನ್ನ ಕಾರ್ಡಿನ ವಿದೇಶಿ ಮಾರ್ಕಪ್ ಎಷ್ಟು, ಕೊರುನಾದಲ್ಲಿ ಖರ್ಚು ಮಾಡಿದರೆ ಬೇರೆ ಶುಲ್ಕವಿದೆಯೇ?