ಮೂತ್ರಪಿಂಡದ ರೋಗವೂ ನಮ್ಮ ತೆಂಗಿನ ಸೀಮೆಯೂ

ಮನುಷ್ಯನ ದೇಹದಲ್ಲಿ ಸದ್ದಿಲ್ಲದೆ ದುಡಿಯುವ ಅಂಗಗಳಲ್ಲಿ ಮೂತ್ರಪಿಂಡಗಳು ಮುಖ್ಯವಾದುವು. ಬೆನ್ನೆಲುಬಿನ ಎರಡು ಪಕ್ಕಗಳಲ್ಲಿ ಮುಷ್ಟಿಗಾತ್ರವಾಗಿರುವ ಇವುಗಳಲ್ಲಿ ಒಂದೊಂದರಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಶೋಧಕಗಳಿವೆ. ದಿನವೊಂದಕ್ಕೆ ಸುಮಾರು 180 ಲೀಟರು ದ್ರವವನ್ನು ರಕ್ತದಿಂದ ಸೋಸಿ, ಬೇಕಾದುದನ್ನೆಲ್ಲ ರಕ್ತಕ್ಕೇ ಹಿಂದಿರುಗಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಇವು ಹೊರಹಾಕುತ್ತವೆ. ಶಕ್ತಿ ಇಷ್ಟು ಹೇರಳವಾಗಿರುವುದರಿಂದಲೇ ಅಪಾಯವೂ ಉಂಟು. ಅರ್ಧಕ್ಕಿಂತ ಹೆಚ್ಚು ಭಾಗ ಕೆಟ್ಟ ಮೇಲೂ ನೋವಿರುವುದಿಲ್ಲ, ಕೆಲಸ ನಿಲ್ಲುವುದಿಲ್ಲ. ಕಾಲು ಊದಿ, ವಾಕರಿಕೆ ಹತ್ತಿ, ಉಸಿರು ಕಟ್ಟುವ ವೇಳೆಗೆ ಉಳಿಯುವ ದಾರಿ ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್, ಇಲ್ಲವೆ ಬೇರೊಬ್ಬರ ಮೂತ್ರಪಿಂಡದ ಕಸಿ. ಡಯಾಲಿಸಿಸ್ ಉಚಿತವಾಗಿ ದೊರೆತರೂ ಆ ದಿನಗಳ ಕೂಲಿ ಹೋಗುತ್ತದೆ. ಜೊತೆಗೆ ಬರುವ ಮಗನ ಕೂಲಿಯೂ ಹೋಗುತ್ತದೆ.

ಕಲಾ ವಿಭಾಗದ ವಿದ್ಯಾರ್ಥಿಗೆ ಈ ವಿಷಯವೇಕೆಂದು ಗೆಳೆಯರು ಕೇಳಬಹುದು. ಔಷಧದ ಮಾತನ್ನು ವೈದ್ಯರಿಗೇ ಬಿಡೋಣ. ಯಾರನ್ನು, ಎಲ್ಲಿ, ಎಷ್ಟು ಸಲ ಪರೀಕ್ಷಿಸಬೇಕೆಂಬುದು ಸಮಾಜಶಾಸ್ತ್ರದ ಪ್ರಶ್ನೆಯೂ ಹೌದು, ಅರ್ಥಶಾಸ್ತ್ರದ ಪ್ರಶ್ನೆಯೂ ಹೌದು.

ನಮ್ಮ ರಾಜ್ಯದಲ್ಲಿಯೇ ಇದಕ್ಕೊಂದು ಒಳ್ಳೆಯ ನಿದರ್ಶನವಿದೆ. ಡಾ. ವೈ. ಜೆ. ಅನುಪಮಾ ಮತ್ತು ಜಿ. ಉಮಾ ಅವರು ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ 2,091 ಮಂದಿ ವಯಸ್ಕರನ್ನು ಪರೀಕ್ಷಿಸಿ 2014ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಶೇ. 6.3ರಷ್ಟು ಜನರಲ್ಲಿ ದೀರ್ಘಕಾಲದ ಮೂತ್ರಪಿಂಡ ರೋಗದ ಲಕ್ಷಣ ಕಂಡಿತು. ಬೇರೊಂದು ಸೂತ್ರದಿಂದ ಲೆಕ್ಕ ಹಾಕಿದಾಗ ಅದೇ ಜನರಲ್ಲಿ ಅದು ಶೇ. 16ನ್ನು ಮೀರಿತು! ರಕ್ತದಲ್ಲಿರುವ ಕ್ರಿಯಾಟಿನಿನ್ ಎಂಬ ವಸ್ತುವು ಮಾಂಸಖಂಡಗಳಿಂದ ಬರುವಂಥದು; ಬಡಕಲು ದೇಹದವರಲ್ಲಿ ಅದು ಮೊದಲೇ ಕಡಮೆ. ಆದುದರಿಂದ ಒಂದೇ ಅಂಕಿಯನ್ನು ನೋಡಿ ರೋಗವಿದೆಯೆಂದಾಗಲಿ ಇಲ್ಲವೆಂದಾಗಲಿ ತೀರ್ಮಾನಿಸುವುದು ಸಲ್ಲದು. ನನಗೆ ಬೆರಗು ತಂದ ಅಂಶ ಇನ್ನೊಂದು: ಅಲ್ಲಿ ಮೂವರಲ್ಲಿ ಒಬ್ಬರಿಗೆ ರಕ್ತದೊತ್ತಡವಿತ್ತು.

ತೆಂಗಿನ ಸೀಮೆಯವರಾದ ನಾವು ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಪ್ರದೇಶವನ್ನೂ ಗಮನಿಸಬೇಕು. ಅದು ತೆಂಗು, ಗೋಡಂಬಿಗಳ ನಾಡು. ಸಕ್ಕರೆ ಕಾಯಿಲೆಯಿಲ್ಲದ ಕೂಲಿಕಾರರೂ ಅಲ್ಲಿ ಈ ರೋಗಕ್ಕೆ ತುತ್ತಾಗುತ್ತಿದ್ದಾರೆ. ನೀರು, ಬಿಸಿಲು, ಕೀಟನಾಶಕ, ನೋವಿನ ಮಾತ್ರೆ ಹೀಗೆ ಹಲವು ಸಂಶಯಗಳಿದ್ದರೂ ಕಾರಣವಿನ್ನೂ ನಿಶ್ಚಯವಾಗಿಲ್ಲ. 2023ರಲ್ಲಿ ಪಲಾಸದಲ್ಲಿ ಇದಕ್ಕೆಂದೇ ಆಸ್ಪತ್ರೆಯೂ ಸಂಶೋಧನಾ ಕೇಂದ್ರವೂ ತೆರೆದುವು. ತೆಂಗಿನ ಮೇಲೆ ತಪ್ಪು ಹೊರಿಸಲು ಆಧಾರವಿಲ್ಲ. ನಮ್ಮಲ್ಲಿಯೂ ಹಾಗೆಯೇ ಇದೆಯೆಂದು ನಾನು ಹೇಳುತ್ತಲೂ ಇಲ್ಲ. ಎಣಿಸಿ ನೋಡಿದ ಮೇಲೆಯೇ ಉದ್ದಾನಂನ ಸಂಗತಿ ಲೋಕಕ್ಕೆ ತಿಳಿಯಿತೆಂಬುದಷ್ಟೇ ನನ್ನ ಮಾತು.

ನಮ್ಮ ಕಡೆ ಉಂಡೆಕೊಬ್ಬರಿಯ ಅನುಭವಿಗಳು ಅಟ್ಟದ ಕಾಯಿಯನ್ನು ಒಡೆಯದೆ, ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳಬಲ್ಲರು. ಮೂತ್ರಪಿಂಡದ ಪರೀಕ್ಷೆಯೂ ಅಷ್ಟೇ ಸರಳ. ರಕ್ತದೊತ್ತಡ, ರಕ್ತದ ಸಕ್ಕರೆ, ಮೂತ್ರದಲ್ಲಿ ಆಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್ – ಇವು ನಾಲ್ಕು ಸಾಕು. ಒಂದು ಗ್ರಾಂ ಕ್ರಿಯಾಟಿನಿನ್ನಿಗೆ ಆಲ್ಬುಮಿನ್ 30 ಮಿಲಿಗ್ರಾಂ ಮುಟ್ಟಿದರೆ, ಅಥವಾ ಸೋಸುವ ವೇಗ ನಿಮಿಷಕ್ಕೆ 60 ಮಿಲಿಲೀಟರಿಗಿಂತ ಇಳಿದರೆ, ಅದೂ ಮೂರು ತಿಂಗಳು ಹಾಗೆಯೇ ಉಳಿದರೆ, ರೋಗವೆಂದು ಹೆಸರು. ಈ ಮೂರು ತಿಂಗಳ ಮಾತನ್ನೇ ನಮ್ಮ ಶಿಬಿರಗಳು ಮರೆಯುವುದು. ಶಾಮಿಯಾನ ಹಾಕಿ, ಭಾಷಣ ಮಾಡಿ, ಒಂದು ದಿನ ಪರೀಕ್ಷಿಸಿ ಹೋದರೆ, ಎರಡನೆಯ ಸಲ ನೋಡುವವರಾರು?

ಮದರಾಸಿನ ಡಾ. ಎಂ. ಕೆ. ಮಣಿಯವರು ಈ ತೊಡಕನ್ನು ಬಿಡಿಸಿದ ಬಗೆ ಮೆಚ್ಚತಕ್ಕದ್ದು. ಅವರ ಕಿಡ್ನಿ ಹೆಲ್ಪ್ ಟ್ರಸ್ಟ್ ನಗರದ ಸಮೀಪದ ಹಳ್ಳಿಗಳಲ್ಲಿ ಸುಮಾರು 25,000 ಜನರ ಮನೆಮನೆಗೆ ತರಬೇತಿ ಪಡೆದ ಕಾರ್ಯಕರ್ತರನ್ನು ಕಳುಹಿಸಿತು. ಸಲ್ಫೊಸ್ಯಾಲಿಸಿಲಿಕ್ ಆಮ್ಲ ಹಾಕಿದಾಗ ಮೂತ್ರ ಕದಡಿದರೆ ಪ್ರೋಟೀನ್. ಬೆನೆಡಿಕ್ಟ್ ದ್ರಾವಣದ ನೀಲಿ ಬಣ್ಣ ಕಾಯಿಸಿದಾಗ ಬದಲಾದರೆ ಸಕ್ಕರೆ. ರೋಗ ಕಂಡವರಿಗೆ ಅತ್ಯಂತ ಅಗ್ಗದ ಮಾತ್ರೆಗಳನ್ನು ಕೊಟ್ಟು ಒತ್ತಡವನ್ನೂ ಸಕ್ಕರೆಯನ್ನೂ ಹತೋಟಿಯಲ್ಲಿಟ್ಟರು. ನಮ್ಮಲ್ಲಿ ಆಶಾ ಕಾರ್ಯಕರ್ತೆಯರು ಈಗಾಗಲೇ 30 ವರ್ಷ ಮೀರಿದವರ ವಿವರ ಬರೆದುಕೊಳ್ಳುತ್ತಾರೆ. ಅವರ ಚೀಲಕ್ಕೆ ಮೂತ್ರಪರೀಕ್ಷೆಯ ಪಟ್ಟಿಯೊಂದನ್ನು ಸೇರಿಸುವುದು ದೊಡ್ಡ ವೆಚ್ಚವಲ್ಲ. ಎಲ್ಲರನ್ನೂ ಪರೀಕ್ಷಿಸಲಾಗದಿದ್ದರೆ ಸಕ್ಕರೆ, ಒತ್ತಡ ಇರುವವರು, 60 ದಾಟಿದವರು, ಮನೆಯಲ್ಲಿ ಯಾರಿಗಾದರೂ ಈ ರೋಗ ಬಂದಿರುವವರು ಇವರಿಂದ ಆರಂಭಿಸಬಹುದು. ನನ್ನ ಅಭಿಪ್ರಾಯದಲ್ಲಿ ಕಾಯಿ ಸುಲಿಯುವವರನ್ನೂ ಮರ ಹತ್ತುವವರನ್ನೂ ಈ ಸಾಲಿಗೆ ಸೇರಿಸಬೇಕು. ದಿನವಿಡೀ ಬೆವರು ಹರಿಸಿ, ಸಂಜೆ ಸೊಂಟನೋವಿಗೆಂದು ಅಂಗಡಿಯಿಂದ ಮಾತ್ರೆ ತಂದು ನುಂಗುವವರು ಅವರೇ. ಡೈಕ್ಲೊಫೆನಾಕಿನಂಥ ಮಾತ್ರೆಗಳು ಮೂತ್ರಪಿಂಡಕ್ಕೆ ರಕ್ತದ ಹರಿವನ್ನು ತಗ್ಗಿಸುತ್ತವೆ.

ಇನ್ನು ಎಳನೀರಿನ ವಿಷಯ. ನಮ್ಮಲ್ಲಿ ಯಾರಿಗೆ ಏನಾದರೂ ಮೊದಲು ಕೆತ್ತುವುದು ಎಳನೀರನ್ನೇ. ಆರೋಗ್ಯವಂತರಿಗೆ ಅದು ಅಮೃತವೇ ಸರಿ. ಆದರೆ ಅದರಲ್ಲಿ ಪೊಟ್ಯಾಸಿಯಂ ಹೇರಳವಾಗಿದೆ. ಸೋತ ಮೂತ್ರಪಿಂಡ ಅದನ್ನು ಹೊರಹಾಕಲಾರದು, ಮಿತಿಮೀರಿದರೆ ಹೃದಯವೇ ನಿಂತೀತು. ಡಯಾಲಿಸಿಸ್ ಮಾಡಿಸಿಕೊಳ್ಳುವ ನೆಂಟರನ್ನು ನೋಡಲು ಹೋಗುವಾಗ ಎಳನೀರು ಒಯ್ಯಬಾರದೆಂದು ಹೇಳಿದರೆ ಹಿರಿಯರು ನಗುತ್ತಾರೆ. ನಗಲಿ, ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಗೆಳೆಯರು ಮುಂದಿನ ಶಿಬಿರದಲ್ಲಿ ಮನೆಮನೆಗೆ ಹೋದಾಗ ಮೊದಲು ಹೇಳಬೇಕಾದುದು ಇದನ್ನು. ಶಿಬಿರ ಮುಗಿದ ಮೂರು ತಿಂಗಳಿಗೆ, ಅದೇ ಪಟ್ಟಿಯನ್ನು ಹಿಡಿದು, ಅದೇ ಮನೆಗಳ ಬಾಗಿಲನ್ನು ಇನ್ನೊಮ್ಮೆ ತಟ್ಟಬೇಕು.