ಹಳೆಯ ಕ್ರೆಡಿಟ್ ಕಾರ್ಡ್ ಸಾಲ: ಸಮನ್ಸ್ ಬಂದಾಗ

ಹಳೆಯ ಕ್ರೆಡಿಟ್ ಕಾರ್ಡ್ ಬಾಕಿಗಾಗಿ ನ್ಯಾಯಾಲಯದ ಸಮನ್ಸ್ ಹಿಡಿದು ಬೆಳ್ಳಾರೆಯ ನಿವಾಸಿಯೊಬ್ಬರು ವಾರ್ಡಿನ ಸದಸ್ಯರ ಬಳಿಗೆ ಬಂದಾಗ, ‘ಹಳೆಯ ಸಾಲ, ಸುಮ್ಮನಿರಿ’ ಎಂಬ ಸಲಹೆ ಅಪಾಯಕಾರಿ. ಸಮನ್ಸ್ ತಲುಪಿದ 30 ದಿನಗಳೊಳಗೆ ಪ್ರತಿವಾದಿಯು ಲಿಖಿತ ಹೇಳಿಕೆ ಸಲ್ಲಿಸಬೇಕು. ಸಕಾರಣವಿದ್ದರೆ ನ್ಯಾಯಾಲಯವು 90 ದಿನಗಳವರೆಗೆ ಅವಕಾಶ ನೀಡಬಹುದು. ಗೈರುಹಾಜರಾದರೆ ಏಕಪಕ್ಷೀಯ ಡಿಕ್ರಿಯಾಗುವ ಸಂಭವವಿದೆ.

1963ರ ಕಾಲಮಿತಿ ಅಧಿನಿಯಮದಂತೆ ಇಂತಹ ದಾವೆಗೆ ಸಾಮಾನ್ಯವಾಗಿ ಮೂರು ವರ್ಷಗಳ ಮಿತಿ. ಆದರೆ ಆ ಅವಧಿಯೊಳಗೆ ಬಾಕಿಯನ್ನು ಒಪ್ಪಿ ಬರಹದಲ್ಲಿ ಸಹಿ ಹಾಕಿದ್ದರೆ ಎಣಿಕೆ ಅಂದಿನಿಂದ ಹೊಸದಾಗಿ ಆರಂಭವಾಗುತ್ತದೆ. ಅವಧಿ ಮುಗಿದ ಮೇಲೂ, ಪಾವತಿಸುವೆನೆಂದು ಸಹಿ ಮಾಡಿದ ಬರಹ ಸಾಲಗಾರನನ್ನು ಬಂಧಿಸುತ್ತದೆ. ಆದ್ದರಿಂದ ವಸೂಲಿಗೆ ಬಂದವರ ಕಾಗದಕ್ಕೆ, ಅದು ಬರೇ ‘ರಾಜಿ ಪತ್ರ’ವೆಂದರೂ, ವಕೀಲರು ನೋಡುವ ಮುನ್ನ ಸಹಿ ಸಲ್ಲದು.

ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯ ಎಷ್ಟೇ ಇದ್ದರೂ ಸುಳ್ಯದ ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ಉಚಿತ ವಕೀಲರ ನೆರವು ಲಭ್ಯ. ಸಹಾಯವಾಣಿ: 15100.